ತಕ್ಕಡಿಗೆ ಕಾಣದ್ದು ಶಿವಲೀಲಾಗೆ ಕಂಡಿತು

ಬೆಳಗಿನ ಆರು ಗಂಟೆ. ತೆಲಿಗಿಯಲ್ಲಿ ಪಾಲಾಕ್ಷಪ್ಪನವರ ಮನೆ ಮುಂದೆ ಸ್ಕೂಟರ್ ನಿಲ್ಲಿಸಿ ಶಿವಲೀಲಾ ಮಾಸ್ಕ್ ಹಾಕಿಕೊಳ್ಳುತ್ತಾರೆ. ಸೋಪು ಹಚ್ಚಿ ಮೊಣಕೈವರೆಗೆ ತೊಳೆಯುತ್ತಾರೆ. ಒಳಗೆ ಹತ್ತೊಂಬತ್ತರ ಭಾಗ್ಯ ತೋಳು ಚಾಚಿಯೇ ಕೂತಿದ್ದಾಳೆ.

"ಬಂತು ನೋಡಪ್ಪ ಸೊಳ್ಳಿ."

"ಸೊಳ್ಳಿ ಕೈ ತೊಳಕಂಡು ಬರ್ತೈತೇನಲೇ? ಸುಮ್ನ ಮುಷ್ಟಿ ಹಿಡಿ."

ಶಿವಲೀಲಾ ಹರಪನಹಳ್ಳಿಯ ಪುಟ್ಟ ಲ್ಯಾಬೊಂದರ ತಂತ್ರಜ್ಞೆ. ಹನ್ನೆರಡು ವರ್ಷಗಳಿಂದ ಹಳ್ಳಿ ಸುತ್ತಿ ರಕ್ತ ಸಂಗ್ರಹಿಸುತ್ತಾರೆ. ದಿನಕ್ಕೆ ಹದಿನೆಂಟು ಮನೆ, ಐವತ್ತು ಕಿಲೋಮೀಟರ್. ಹೆಚ್ಚಿನವು ಸಕ್ಕರೆ ಕಾಯಿಲೆಯ ಪರೀಕ್ಷೆ. ಭಾಗ್ಯಳದು ಬೇರೆ. ರಕ್ತದ ಕ್ಯಾನ್ಸರಿಗೆಂದು ಏಳು ತಿಂಗಳ ಹಿಂದೆ ಆಕೆಗೆ ಅಣ್ಣನ ಕಾಂಡಕೋಶಗಳ ಕಸಿ ಆಗಿದೆ. ಕಸಿ ಹಿಡಿಯಿತು. ಊಟ ಮೈಗೆ ಹತ್ತಲಿಲ್ಲ.

ಕಳೆದ ತಿಂಗಳು ತೂಕ ಎರಡು ಕಿಲೋ ಏರಿತು. ಮನೆಯವರು ಓಣಿಗೆಲ್ಲ ಹೇಳಿಕೊಂಡು ಬಂದರು. ಶಿವಲೀಲಾ ಮಾತ್ರ ಭಾಗ್ಯಳ ಕಾಲ್ಗೆಜ್ಜೆ ಒತ್ತಿ ಬಿದ್ದ ಗುರುತು ನೋಡಿದರು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಹಾಗೇ ನಿಂತಿತು. ಕೂಡಲೇ ವೈದ್ಯರಿಗೆ ಫೋನ್ ಮಾಡಿದರು. ಅವರು ಬರೆದ ಪ್ರೀಅಲ್ಬುಮಿನ್ ಪರೀಕ್ಷೆಯಲ್ಲಿ ಬಂದದ್ದು ಹನ್ನೊಂದು. ಹದಿನೆಂಟಾದರೂ ಇರಬೇಕಿತ್ತು. ತಿಂದದ್ದು ಮೈಗೆ ಹತ್ತುತ್ತಿದೆಯೇ ಎಂದು ಕೆಲವೇ ದಿನಗಳಲ್ಲಿ ತೋರಿಸುವ ಪ್ರೋಟೀನ್ ಅದು. ಸೋಂಕಿದ್ದರೂ ಇಳಿಯುವುದರಿಂದ ಜೊತೆಗೆ ಸೋಂಕಿನ ಸುಳಿವು ಕೊಡುವ ಸಿಆರ್‌ಪಿಯನ್ನೂ ನೋಡುತ್ತಾರೆ.

ಏರಿದ್ದು ಮಾಂಸವಲ್ಲ, ನೀರು. ಕುರಿ ಸಾಕುವ ಪಾಲಾಕ್ಷಪ್ಪನವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಸಂತಿಗೆ ಒಯ್ಯೋಮುಂದ ಕೆಲವ್ರು ಕುರಿಗೆ ಉಪ್ಪು ನೆಕ್ಕಿಸಿ ನೀರು ಕುಡಿಸ್ತಾರ್ರಿ. ತಕ್ಕಡಿಗೆ ಮೋಸ. ನಾನು ಬೆನ್ನು ಮುಟ್ಟಿ ನೋಡೇ ಕುರಿ ತಗಳ್ಳಾಂವ. ಮಗಳ ವಿಷಯದಾಗ ಮೋಸ ಹೋದೆ ನೋಡ್ರಿ."

ಔಷಧಿ, ಊಟ ಎರಡೂ ಬದಲಾದವು. ಇವತ್ತಿನ ಅಂಕಿ ಏರದಿದ್ದರೆ ಮತ್ತೆ ಬೆಂಗಳೂರಿನ ಆಸ್ಪತ್ರೆ, ಊಟಕ್ಕೆ ಮೂಗಿನಲ್ಲಿ ನಳಿಕೆ. ರಕ್ತದ ಟ್ಯೂಬು ಐಸ್ ಡಬ್ಬಿಯಲ್ಲಿ ದಾವಣಗೆರೆಯ ದೊಡ್ಡ ಲ್ಯಾಬಿಗೆ ಬಸ್ಸು ಹತ್ತುತ್ತದೆ. "ರಿಪೋರ್ಟ್ ಬರೋತನಕ ನನಗೂ ಊಟ ಸೇರಲ್ರಿ," ಎನ್ನುತ್ತಾರೆ ಶಿವಲೀಲಾ.

ಮಧ್ಯಾಹ್ನ ಮೂರಕ್ಕೆ ಅಂಕಿ ಬರುತ್ತದೆ. ಪ್ರೀಅಲ್ಬುಮಿನ್ ಇಪ್ಪತ್ತು. ಸಿಆರ್‌ಪಿಯೂ ಸರಿಯಿದೆ. ವೈದ್ಯರೊಡನೆ ಮಾತಾಡಿ ತೆಲಿಗಿಗೆ ಫೋನ್ ಮಾಡುತ್ತಾರೆ.

"ನಳಿಕಿ ಬ್ಯಾಡಂತ್ರಿ ಪಾಲಾಕ್ಷಪ್ಪ."

ಪಾಲಾಕ್ಷಪ್ಪನವರು ಮನೆಯೊಳಗೆ ಕೂಗಿ ಸುದ್ದಿ ಹೇಳಿ ಮತ್ತೆ ಫೋನಿಗೆ ಬರುತ್ತಾರೆ.

"ಈಗ ಮೂರನೇ ರೊಟ್ಟಿ ತಿನ್ನಾಕತ್ಯಾಳ್ರಿ ಅಕ್ಕಾರ. ಬಡದು ಬಡದು ಅವರವ್ವಗ ಕೈ ನೋವಂತ. ಅದಕ್ಕೂ ಒಂದು ಟೆಸ್ಟ್ ಐತೇನ್ರಿ?"

ಶಿವಲೀಲಾ ನಗುತ್ತಲೇ ಬುತ್ತಿ ಬಿಚ್ಚುತ್ತಾರೆ. ಅವರಿಗಿರುವುದು ಒಂದೇ ಆಸೆ.

"ತೆಳ್ಳನ ಕೈಯಾಗ ನರ ಎದ್ದು ಕಾಣ್ತಾವ್ರಿ. ಈಗ ಈಕಿ ರಕ್ತ ತೆಗೆಯೋದು ಸಲೀಸು. ಮುಂದಿನ ವರ್ಷ ಇದೇ ಹುಡುಗಿ ಕೈಯಾಗ ನರ ಹುಡುಕಿ ಹುಡುಕಿ ನಾನು ಬೆವರಬೇಕು."