ನಾನು ಊದಿದ ಜಾಕೆಟ್ಟು

ಗೆಳೆಯರೇ, ಇವತ್ತು ಹ್ಯೂಸ್ಟನ್ನಿನ ಡೈವಿಂಗ್ ಅಂಗಡಿಯಲ್ಲಿ ಒಂದು ತೇಲುವ ಜಾಕೆಟ್ಟಿಗಾಗಿ ಜಗಳವಾಡಿ ಬಂದೆ. ಸೂಟ್‌ಕೇಸಿನಲ್ಲಿ ಮಡಚಿಡಬಹುದಾದ ಹಗುರವಾದದ್ದು ಅಲ್ಲಿ ಇದ್ದದ್ದು ಅದೊಂದೇ. ಕೊಳವೆಗೆ ಬಾಯಿಟ್ಟು ಗಾಳಿ ಊದಿ ನೋಡಬೇಕು. ತುಂಬಿದಾಗ ಕತ್ತು ಬಿಗಿಯಬಾರದು, ಗದ್ದಕ್ಕೆ ಏರಬಾರದು. ಊದಿದೆ, ಸೊಂಟದ ಪಟ್ಟಿ ಬಿಗಿದೆ. ನನಗೇ ಹೊಲಿದಂತಿತ್ತು.

ಜೊತೆಗೆ ಡೈವಿಂಗ್ ಕಲಿಯುತ್ತಿರುವ ಎಂಜಿನಿಯರ್ ಶ್ರೀಕಂಠ ಅಂಕಲ್ ಮುಖ ಸಿಂಡರಿಸಿದರು.

"ಅಯ್ಯೋ, ಬಾಯಿ ಹಾಕ್ಬಿಟ್ಯೇನಯ್ಯಾ? ನಾನೂ ಹಾಕ್ಕೊಂಡು ನೋಡ್ಬೇಕಿತ್ತಲ್ಲ!"

"ಒರೆಸಿ ಕೊಡ್ತೀನಿ, ತಗೊಳ್ಳಿ ಅಂಕಲ್."

"ಎಂಜಲು ಅಂತಲ್ಲಪ್ಪಾ, ಹೈಜೀನ್ ಅಂತ."

ನಾನು ದಲಿತ ಕೇರಿಯವನು ಎಂಬುದು ಅವರಿಗೆ ಗೊತ್ತು. ಹೈಜೀನ್ ಎಂಬ ಮಾತೊಂದನ್ನೇ ಹಿಡಿದ ಅಂಗಡಿಯಾಕೆ ನಕ್ಕು, ಅದನ್ನು ಆಗಲೇ ಅರ್ಧ ಊರು ಊದಿ ನೋಡಿದೆ ಎಂದಳು. "ಅದೇನೂ ಪರವಾಗಿಲ್ಲ" ಎಂದರು ಅಂಕಲ್. ಅರ್ಧ ಹ್ಯೂಸ್ಟನ್ನಿನ ಬಾಯಿ ನಡೆಯುತ್ತದೆ, ನನ್ನ ಬಾಯಿಗೆ ಮಾತ್ರ ಹೈಜೀನ್! ಇಸವಿ ಎಪ್ಪತ್ತಾರು. ಮಡಿ ಮಾತ್ರ ವಿಮಾನ ಹತ್ತಿ ಜೊತೆಗೇ ಬಂದಿದೆ. ಜಾಕೆಟ್ಟನ್ನು ನಾನೇ ಕೊಂಡೆ.

ನಾಳೆ ಈಜುಕೊಳದಲ್ಲಿ ನಮ್ಮಿಬ್ಬರಿಗೂ ಪರೀಕ್ಷೆ. ಒಬ್ಬನ ಸಿಲಿಂಡರಿನ ಗಾಳಿ ಮುಗಿಯಿತು ಎಂದುಕೊಂಡು, ನೀರಿನಡಿಯಲ್ಲಿ ಇಬ್ಬರೂ ಒಂದೇ ಕೊಳವೆಗೆ ಬಾಯಿಟ್ಟು ಸರದಿಯ ಮೇಲೆ ಉಸಿರಾಡಬೇಕು. ಕಾರಿನಲ್ಲಿ ಅಂಕಲ್ ಮೆಲ್ಲಗೆ, "ಜೋಡಿ ಬದಲಾಯಿಸ್ಕೊಳ್ಳೋಣ್ವೇನಯ್ಯಾ?" ಎಂದರು.

"ಆಗಲ್ಲ ಅಂಕಲ್. ಇಳಿಯೋದು ನಿಮ್ಮ ಜೊತೆಗೇ, ಏಳೋದು ಪಾಸಾಗಿಯೇ."

ಮೊದಲ ಸರದಿಯನ್ನು ಅವರಿಗೇ ಬಿಟ್ಟುಕೊಡುತ್ತೇನೆ. ಎರಡನೆಯದು ನನ್ನದು. ಮೂರನೆಯದಕ್ಕೆ ಅವರೇ ಕೈ ಚಾಚುತ್ತಾರೆ.