ಲಕ್ಕಮ್ಮಕ್ಕನ ಎಸರು

ಲಕ್ಕಮ್ಮಕ್ಕನ ಕೈಗೆ ಬಿಸಿ ಎನ್ನುವುದು ತಾಗುತ್ತಲೇ ಇರಲಿಲ್ಲ. ಬೇರೆಯವರು ಮುದ್ದೆ ಕಟ್ಟುವಾಗ ಪಕ್ಕದಲ್ಲಿ ತಣ್ಣೀರಿಟ್ಟುಕೊಂಡು ಮತ್ತೆ ಮತ್ತೆ ಕೈ ಅದ್ದುತ್ತಾರೆ. ಇವರು ಹಬೆಯಾಡುವ ಹಿಟ್ಟನ್ನು ಬರಿಗೈಯಲ್ಲೇ ಬಾಚಿ, ಎರಡು ಸಲ ಹೊರಳಿಸಿ ತಟ್ಟೆಗೆ ಹಾಕಿಬಿಡುತ್ತಿದ್ದರು. ಚಿಕ್ಕಜಾಲದ ರಸ್ತೆ ಬದಿಯ ಅವರ ಶೀಟಿನ ಮೆಸ್ಸಿಗೆ ಜಲ್ಲಿ ಕ್ರಷರಿನ ಟಿಪ್ಪರ್ ಡ್ರೈವರುಗಳೆಲ್ಲ ಮಧ್ಯಾಹ್ನ ಬರುತ್ತಿದ್ದರು. ವಿಮಾನ ನಿಲ್ದಾಣ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಜಲ್ಲಿ ಗಾಡಿಗಳಿಗೆ ಪುರುಸೊತ್ತೇ ಇರಲಿಲ್ಲ. ಯಾವ ಗಾಡಿಯನ್ನು ಯಾರು ಒಯ್ದರೆಂದು ಕ್ರಷರಿನ ಗೇಟಿನಲ್ಲಿ ಚೀಟಿ ಬರೆಯುವ ಗುಮಾಸ್ತ ನಾನು.

ಗದಗಿನ ಕಡೆಯವನಾದ ನಾನು ಮೊದಲ ದಿನ ಮುದ್ದೆಯನ್ನು ರೊಟ್ಟಿಯಂತೆ ಅಗಿಯುತ್ತ ಕೂತಿದ್ದನ್ನು ನೋಡಿ ಅವರು ಸೌಟು ಹಿಡಿದುಕೊಂಡೇ ನಕ್ಕರು.

“ಅಗೀಬೇಡ ಕಣಪ್ಪ, ನುಂಗು. ಇಂಗೆ ಅಗೀತಾ ಕೂತ್ರೆ ಸಂಜೆ ಆಯ್ತದೆ.”

ನನಗೆ ಜ್ವರ ಬಂದಾಗ ರೂಮಿಗೆ ಗಂಜಿ ತಂದು, ಕುಡಿಯುವ ತನಕ ಬೈಯುತ್ತ ನಿಂತವರೂ ಅವರೇ. ಈ ಊರಿನಲ್ಲಿ ನನಗೆ ತಾಯಿಯಂತಿದ್ದವರು ಅವರೊಬ್ಬರೇ.

ಗಂಡ ಸತ್ತ ಮೇಲೆ ಅವರಿಗಿದ್ದವಳು ಮಗಳು ಗೌರಿ ಮಾತ್ರ. ಯಲಹಂಕದ ಕಾಲೇಜಿನಿಂದ ಬಂದು, ಬಸ್ಸಿಳಿದು ರಸ್ತೆ ದಾಟುವಾಗ ನಮ್ಮ ಕ್ರಷರಿನ ಟಿಪ್ಪರ್ ಅವಳ ಮೇಲೆ ಹರಿಯಿತು. ಡ್ರೈವರ್ ಗಾಡಿ ಬಿಟ್ಟು ಓಡಿದ. ಮರುದಿನ ಹನುಮಂತನೆಂಬ ಡ್ರೈವರ್ ಠಾಣೆಗೆ ಹೋಗಿ ‘ನಾನೇ’ ಎಂದು ಶರಣಾದ.

ಆ ರಸ್ತೆಯಲ್ಲಿ ಅದೊಂದು ಪದ್ಧತಿ. ಓಡಿಸಿದವನ ಲೈಸೆನ್ಸ್ ಸರಿಯಿಲ್ಲದಿದ್ದರೆ ಮಾಲೀಕ ಲೈಸೆನ್ಸ್ ಇರುವ ಬೇರೊಬ್ಬನನ್ನು ದುಡ್ಡು ಕೊಟ್ಟು ಕಳಿಸುತ್ತಾನೆ. ಅವತ್ತು ಗಾಡಿ ಓಡಿಸಿದ್ದವನು ಮುನಿರಾಜ. ಚೀಟಿಯಲ್ಲಿ ಅವನ ಹೆಸರು ಬರೆದವನು ನಾನು. ಮಾಲೀಕ ಹೇಳಿದನೆಂದು ಅದನ್ನು ಹರಿದು ಹನುಮಂತನ ಹೆಸರು ಬರೆದವನೂ ನಾನೇ. ಡ್ರೈವರುಗಳ ಮಾತು ಕೇಳಿ ಕೇಳಿ ಲಕ್ಕಮ್ಮಕ್ಕನಿಗೂ ಈ ಪದ್ಧತಿ ಗೊತ್ತಿತ್ತು. ಆದರೆ ಆ ಸಂಕಟದಲ್ಲಿ ಅದು ಅವರಿಗೆ ನೆನಪಾಗಲಿಲ್ಲ. ಪೊಲೀಸರು ತೋರಿಸಿದ ಮುಖವನ್ನೇ ನಂಬಿದರು.

ಜಾಮೀನಿನ ಮೇಲೆ ಹೊರಬಂದ ಹನುಮಂತ ಒಂದು ಮಧ್ಯಾಹ್ನ ನೇರ ಮೆಸ್ಸಿಗೇ ಬಂದ. ಮುನಿರಾಜನೂ ನಾನೂ ಉಣ್ಣುತ್ತಿದ್ದೆವು.

“ಅಕ್ಕ, ನಾನಲ್ಲ ಕಣಕ್ಕ. ನಾನು ಗಾಡೀಲೇ ಇರ್ಲಿಲ್ಲ,” ಎಂದ.

“ಮೊದ್ಲು ಕೂತ್ಕೊ. ಉಣ್ಣು,” ಎಂದರು ಲಕ್ಕಮ್ಮಕ್ಕ.

ಕೂತ. ಮುದ್ದೆ ಹಾಕಿದರು, ಸಾರು ಬಿಟ್ಟರು. ಅವನು ಮುದ್ದೆ ಮುರಿಯಲು ತಲೆ ಬಗ್ಗಿಸಿದಾಗ, ಎರಡನೇ ಪಾಳಿಯ ಹಿಟ್ಟಿಗೆಂದು ಕುದಿಯುತ್ತಿದ್ದ ಎಸರು ನೀರನ್ನು ಪಾತ್ರೆ ಸಮೇತ ಎತ್ತಿ ಅವನ ತಲೆಯ ಮೇಲೆ ಸುರಿದರು. ಬಟ್ಟೆಯಿಲ್ಲದೆ, ಬರಿಗೈಯಲ್ಲೇ ಪಾತ್ರೆ ಹಿಡಿದಿದ್ದರು. ಅವನು ಕೂಗುತ್ತ ಮುಖ ಹಿಡಿದುಕೊಂಡಾಗ ಚರ್ಮ ಕೈಗೆ ಬಂತು. ಎರಡೂ ಕಣ್ಣು ಹೋದವು.

ರಸ್ತೆಯುದ್ದಕ್ಕೂ ಜನ ಲಕ್ಕಮ್ಮಕ್ಕನನ್ನು ಹೊಗಳಿದರು. “ಕೋರ್ಟು ಹತ್ತು ವರ್ಷ ಎಳೀತಿತ್ತು, ತಾಯಿ ಒಂದೇ ನಿಮಿಷದಲ್ಲಿ ಮುಗಿಸಿದ್ಳು ಗುರೂ,” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಮುನಿರಾಜ. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಹೇಸಿಗೆಯಿದೆ.

ಎರಡು ವರ್ಷದ ನಂತರ ಜೈಲಿಗೆ ಹೋಗಿ ಅವರನ್ನು ನೋಡಿದೆ. ಬಡವಾಗಿದ್ದರು.

“ಅನುಮಂತನ ಅವ್ವ ಬಂದಿದ್ಳು. ಬೈಲಿಲ್ಲ, ಅಳ್ಲಿಲ್ಲ. ಓಡ್ಸಿದ್ದು ಮುನಿರಾಜ ಅಂದ್ಬುಟ್ಟು ಎದ್ದೋದ್ಳು,” ಎಂದರು. “ಗೌರಿ ತಿಥಿ ಊಟಾನೂ ಆ ಮುನಿರಾಜನ್ಗೆ ನಾನೇ ಬಡಿಸ್ದೆ ಕಣಪ್ಪ. ಎಲ್ಡು ಸಲ ಕೇಳಿ ಆಕಿಸ್ಕಂಡ.”

ನಾನು ಕೇಳಿದೆ: “ಮುನಿರಾಜನ ಮ್ಯಾಲೆ ಸುರದಿದ್ರ ಸರಿ ಆಗ್ತಿತ್ತೇನು ಅಕ್ಕಾ?”

“ಆಯ್ತಿತ್ತು,” ಎಂದರು, ಒಂದು ಕ್ಷಣವೂ ತಡೆಯದೆ. ಅವರ ಸಿಟ್ಟು ನ್ಯಾಯವಾದದ್ದೆಂದು ನಾನೂ ಒಪ್ಪುತ್ತೇನೆ. ಮಾಡಿದ್ದು ನ್ಯಾಯವೆನ್ನಲು ಹನುಮಂತನ ಮುಖ ಬಿಡುವುದಿಲ್ಲ. ಅಲ್ಲವೆಂದು ಅವರೆದುರು ಹೇಳುವ ಯೋಗ್ಯತೆಯೂ ನನಗಿರಲಿಲ್ಲ.

ಆಮೇಲೆ ಅವರು ನನ್ನನ್ನೇ ನೋಡುತ್ತ ಕೇಳಿದರು: “ಗೇಟಲ್ಲಿ ಚೀಟಿ ಬರೆಯೋನು ನೀನು. ನಿಂಗೆ ಗೊತ್ತಿತ್ತು, ಅಲ್ವಾ?”

“ಇಲ್ಲಕ್ಕಾ. ಗೊತ್ತಿರ್ಲಿಲ್ಲ.”

ಅವರು ಎದ್ದರು.

“ಪಾತ್ರೆ ದೊಡ್ದಿತ್ತು ಕಣಪ್ಪ. ನಿಂಗೂ ಸಾಲ್ತಿತ್ತು.”

ಆಮೇಲೆ ಎಷ್ಟು ಸಲ ಹೋದರೂ ಅವರು ನನ್ನನ್ನು ನೋಡಲು ಒಪ್ಪಲಿಲ್ಲ. ಮುನಿರಾಜನೂ ನಾನೂ ಈಗ ಬೇರೆ ಮೆಸ್ಸಿನಲ್ಲಿ ಎದುರುಬದುರು ಕೂತು ಉಣ್ಣುತ್ತೇವೆ. ಅಲ್ಲಿ ಮುದ್ದೆ ಕಟ್ಟುವ ಹೆಂಗಸು ತಣ್ಣೀರಿಗೆ ಕೈ ಅದ್ದಿಕೊಳ್ಳುತ್ತಾಳೆ.