ಉಪದೇಶಿಗಳ ಬೆರಳು

ಕೌಲ್ ಬಜಾರಿನ ನಮ್ಮ ಚರ್ಚಿನ ಉಪದೇಶಿಗಳು, ಯಾರು ಏನು ಕಷ್ಟ ಹೇಳಿಕೊಂಡರೂ ಬೆರಳು ಮೇಲೆತ್ತಿ, "ಎಲ್ಲಾ ದೇವರ ಚಿತ್ತ" ಎನ್ನುತ್ತಿದ್ದರು. ಯುದ್ಧದ ಕಾಲದಲ್ಲಿ, ಗಂಡನ ಹೊಡೆತ ತಾಳದೆ ಸಿರುಗುಪ್ಪದಿಂದ ತವರಿಗೆ ಓಡಿಬಂದ ಹುಡುಗಿಗೂ ಅದನ್ನೇ ಹೇಳಿ, ತಾವೇ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿಸಿ ವಾಪಸು ಕಳಿಸಿದರು. ತಿಂಗಳೊಳಗೆ ಅವನು ಅವಳನ್ನು ಕೊಂದ.

ಮಣ್ಣು ಮಾಡುವಾಗ ಅವರ ಬೆರಳು ರೂಢಿಯಂತೆ ಮೇಲೆದ್ದಿತು. ಹುಡುಗಿಯ ತಾಯಿ ಕೇಳಿದಳು: "ಅವ ಕೊಂದಿದ್ದೂ ದೇವರ ಚಿತ್ತಾನ್ರಿ, ಅಯ್ಯನೋರ? ನೀವು ಕಳಿಸಿದ್ದು?"

ನಮ್ಮಲ್ಲಿ ಓದು ಬಲ್ಲವರು ಕಡಿಮೆ. ಉಪದೇಶಿಗಳು ಒಂದೊಂದೇ ತುಣುಕು ಹೇಳಿಕೊಟ್ಟಂತೆ ನಾವು ಪ್ರಾರ್ಥನೆ ಹೇಳುತ್ತಿದ್ದೆವು. ಆ ಭಾನುವಾರ "ನಿನ್ನ ಚಿತ್ತ" ಎಂದವರು, ಮುಂದೆ "ನೆರವೇರಲಿ" ಎನ್ನಲಿಲ್ಲ. ನಾವೂ "ನಿನ್ನ ಚಿತ್ತ" ಎಂದು ಕಾದೆವು. ಎಲ್ಲರಿಗಿಂತ ಮುಂದೆ ಕೂತಿದ್ದ ತಾಯಿಯೂ ಕಣ್ಣು ಮುಚ್ಚಿ, ಕೈಮುಗಿದು ಕಾಯುತ್ತಿದ್ದಳು.